ಕೆಂಚಿ ಕಾವಿಗೆ ಕೂತರೆ

ನಾಟಿ ಕೋಳಿ ಸಾಕುವ ಮನೆಗೆ ಮೊಟ್ಟೆ ಬೇಕು. ನೆಂಟರು ಬಂದ ದಿನ ಸಾರಿಗೊಂದು ಕೋಳಿ ಬೇಕು. ಇವೆರಡಕ್ಕೂ ಮೊದಲು ಬೇಕಾದದ್ದು ಕಾವಿಗೆ ಕೂರುವ ಒಂದು ಒಳ್ಳೆಯ ಹ್ಯಾಟೆ. 21 ದಿನ ಬಿಡದೆ ಕೂತು, ಮರಿ ಎಬ್ಬಿಸಿ, ಎದ್ದ ಮರಿಗಳನ್ನು ಹದ್ದಿನ ಬಾಯಿಗೆ ಕೊಡದೆ ಬೆಳೆಸುವಂಥದ್ದು. ಎಲ್ಲ ಕೋಳಿಗೂ ಅದು ಬರುವುದಿಲ್ಲ. ನಮ್ಮ ಮನೆಯಲ್ಲಿ ಅದು ಚೆನ್ನಾಗಿ ಬರುತ್ತಿದ್ದದ್ದು ಕೆಂಚಿಗೆ. ಅವಳನ್ನು ಎಲ್ಲರೂ ಮುದ್ದು ಮಾಡುತ್ತಿದ್ದೆವು, ನಿಜ. ಆದರೆ ಅವಳ ಕೆಲಸ ನೋಡಿ ನನಗೆ ಬಂದ ಗೌರವ ಆ ಮುದ್ದಿಗಿಂತ ದೊಡ್ಡದು. ಅದನ್ನೇ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು.

ನಮ್ಮದು ಹಾಸನ ಜಿಲ್ಲೆ, ಆಲೂರು ತಾಲ್ಲೂಕು, ಕೆಂಚಮ್ಮನ ಹೊಸಕೋಟೆ ಕಡೆ. ಮೇಲೆ ಒಂದಿಷ್ಟು ಕಾಫಿ, ಕೆಳಗೆ ಗದ್ದೆ, ಮನೆ ಮುಂದೆ ಕಾಫಿ ಒಣಗಿಸುವ ಕಣ. ನಾನು ಹುಟ್ಟಿ ಬೆಳೆದದ್ದು ಹಾಸನ ಪೇಟೆಯಲ್ಲಿ. ಕೋಳಿ ಅಂದರೆ ಅಂಗಡಿಯಲ್ಲಿ ತೂಗಿ ಕೊಡುವುದು, ನನಗೆ ಗೊತ್ತಿದ್ದದ್ದು ಅಷ್ಟೇ. ಮದುವೆಯಾಗಿ ಬಂದ ಮೇಲೆ ಅತ್ತೆ ಒಂದೊಂದೇ ಹೇಳಿಕೊಟ್ಟರು. ಕೋಳಿ ಏನಿದ್ದರೂ ಅವರ ವ್ಯವಹಾರ. ಕಾಫಿ ದುಡ್ಡು, ಭತ್ತದ ದುಡ್ಡು ಮಾವನ ಕೈಗೆ ಹೋಗುತ್ತಿತ್ತು. ಮೊಟ್ಟೆ ದುಡ್ಡಿಗೆ ಅತ್ತೆ ಯಾರಿಗೂ ಲೆಕ್ಕ ಕೊಡಬೇಕಾಗಿರಲಿಲ್ಲ. ನನ್ನ ಮಗಳ ಮೊದಲ ಕಾಲ್ಗೆಜ್ಜೆ ಬಂದದ್ದು ಆ ದುಡ್ಡಿನಲ್ಲಿ.

ಕೆಂಚಿ ಬಂದದ್ದು ಅತ್ತೆಯ ತವರಿನಿಂದ. ಅಣ್ಣನ ಮನೆಗೆ ಹೋಗಿದ್ದವರು ಬರುವಾಗ ಬಾಳೆನಾರಿನಲ್ಲಿ ಕಾಲು ಕಟ್ಟಿ, ಬ್ಯಾಗಿನಲ್ಲಿ ಕೂರಿಸಿಕೊಂಡು ಬಸ್ಸಿನಲ್ಲಿ ತಂದರು. ಆಗಿನ್ನೂ ಮೊಟ್ಟೆಗೆ ಬಾರದ ಎಳೆ ಹ್ಯಾಟೆ. ಮೈಯೆಲ್ಲ ಕೆಂಗಂದು, ಕತ್ತಿನ ಸುತ್ತ ಸ್ವಲ್ಪ ತಿಳಿ ಬಣ್ಣ, ಬಾಲದ ತುದಿ ಕಪ್ಪು, ಕಾಲು ಅಚ್ಚ ಹಳದಿ. ಕೆಂಚಿ ಅನ್ನುವ ಹೆಸರು ಬಣ್ಣಕ್ಕೆ ಬಂತು. ಮಕ್ಕಳು ಮೊದಮೊದಲು ಕೆಂಚಮ್ಮ, ಕೆಂಚಮ್ಮ ಅಂತ ಕರೆಯುತ್ತಿದ್ದರು. ಅತ್ತೆ ಒಪ್ಪಲಿಲ್ಲ. "ಹಂಗನ್ಬೇಡಿ ಕಣ್ರೋ, ತಾಯಿ ಹೆಸರು ಅದು" ಅಂದರು. ಹೇಮಾವತಿ ದಂಡೆಯ ಹರಳಹಳ್ಳಿಯಲ್ಲಿರುವ ಕೆಂಚಮ್ಮ ಈ ಸೀಮೆಗೆಲ್ಲ ದೊಡ್ಡ ದೇವರು. ದೇವಿಯ ಹೆಸರನ್ನು ಕೋಳಿಗೆ ಇಡುವುದು ಅವರಿಗೆ ಸರಿ ಕಾಣಲಿಲ್ಲ. ಹಾಗಾಗಿ ಕೆಂಚಿ ಆದಳು.

ಆ ಹಳದಿ ಕಾಲಿನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಪ್ರಪಂಚದ ಸಾಕುಕೋಳಿಗಳೆಲ್ಲ ಮುಖ್ಯವಾಗಿ ಕೆಂಪು ಕಾಡುಕೋಳಿಯಿಂದ ಬಂದವು. ಆದರೆ ಹಳದಿ ಚರ್ಮ, ಹಳದಿ ಕಾಲಿನ ಗುಣ ಮಾತ್ರ ಬೂದು ಕಾಡುಕೋಳಿಯಿಂದ ಬಂದದ್ದು ಅಂತ 2008ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಬೂದು ಕಾಡುಕೋಳಿ ಅಂದರೆ ಬೆಳಗಿನ ಹೊತ್ತು ನಮ್ಮ ತೋಟದ ಮೇಲಿನ ಕಾಡಿನಿಂದ ಕೂಗುತ್ತದಲ್ಲ, ಅದೇ. ನಮ್ಮ ಕಡೆಯ ಕಾಡುಗಳ ಹಕ್ಕಿ. ಇದನ್ನು ಓದಿದ ದಿನ ಕೆಂಚಿಯ ಕಾಲನ್ನು ಎಷ್ಟೋ ಹೊತ್ತು ನೋಡಿದೆ. ಅತ್ತೆಗೆ ಹೇಳಿದರೆ ಅವರಿಗೇನೂ ಆಶ್ಚರ್ಯ ಆಗಲಿಲ್ಲ. "ಕಾಡುಕೋಳಿ ಹುಂಜ ಇಲ್ಲಿಗಂಟ ಬತ್ತದೆ, ನಂಗೊತ್ತಿಲ್ವಾ" ಅಂದರು.

ಈಗ ಕಾವಿನ ವಿಷಯ.

ನಾಟಿ ಹ್ಯಾಟೆ ಒಂದು ಸುತ್ತು ಮೊಟ್ಟೆ ಇಟ್ಟು ಮುಗಿಸಿ ಕಾವಿಗೆ ಬರುತ್ತದೆ. ಬಂದದ್ದು ಯಾರಿಗಾದರೂ ಗೊತ್ತಾಗುತ್ತದೆ. ಗರಿಯೆಲ್ಲ ಕೆದರಿಕೊಳ್ಳುತ್ತದೆ, ದನಿ ಬದಲಾಗಿ ಲೊಕ್ ಲೊಕ್ ಅನ್ನಲು ಶುರು ಮಾಡುತ್ತದೆ, ಮೊಟ್ಟೆ ತೆಗೆದರೂ ಖಾಲಿ ಗೂಡಿನಲ್ಲೇ ಕೂರುತ್ತದೆ, ಕೈ ಹಾಕಿದರೆ ಕುಕ್ಕುತ್ತದೆ. ಮೆದುಳಿನ ಬುಡದ ಗ್ರಂಥಿಯಿಂದ ಬರುವ ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನು ಇದನ್ನೆಲ್ಲ ಮಾಡಿಸುತ್ತದೆ. ಹೊಟ್ಟೆಯಡಿ ಗರಿ ಉದುರಿ ಚರ್ಮ ಬರಿದಾಗುತ್ತದೆ. ಆ ಬರಿ ಚರ್ಮಕ್ಕೆ ಮೊಟ್ಟೆ ತಾಗುತ್ತಿದ್ದಷ್ಟು ದಿನ ಕೋಳಿಗೆ ಕೂರುವ ಮನಸ್ಸು ಇರುತ್ತದೆ.

ಎಲ್ಲ ಕೋಳಿಯೂ ಕೊನೆತನಕ ಕೂರುವುದಿಲ್ಲ. ಹತ್ತು ದಿನ ಕೂತು ಎದ್ದು ಹೋಗುವ ಕೋಳಿಗಳಿವೆ. ಅಷ್ಟು ಹೊತ್ತಿಗೆ ಮೊಟ್ಟೆಯೊಳಗೆ ಕಣ್ಣು, ಕೊಕ್ಕು ಮೂಡಿರುತ್ತದೆ, ಎಲ್ಲ ವ್ಯರ್ಥ. ಅದಕ್ಕೇ ಅತ್ತೆ ಪರೀಕ್ಷೆ ಮಾಡದೆ ಕೂರಿಸುವವರಲ್ಲ. ಎರಡು ಮೂರು ದಿನ ಒಂದೇ ಮೊಟ್ಟೆ ಬಿಟ್ಟು ನೋಡುತ್ತಿದ್ದರು. ಕೆಂಚಿ ಮೊದಲ ಸಲ ಕಾವಿಗೆ ಬಂದಾಗ ಆ ಒಂದೇ ಮೊಟ್ಟೆಯನ್ನು ಎದೆಯಡಿ ಎಳೆದುಕೊಂಡು ಕಲ್ಲಿನ ಹಾಗೆ ಕೂತಳು. "ಇದು ಕೂರೋ ಜಾತಿ" ಅಂದರು ಅತ್ತೆ. ಅವತ್ತಿನಿಂದ ಮನೆಯಲ್ಲಿ ಕೆಂಚಿಯ ಸ್ಥಾನವೇ ಬೇರೆಯಾಯಿತು.

ಕೂರಿಸುವುದು ಸಂಜೆ ಕತ್ತಲಾದ ಮೇಲೆ. ಅಗಲವಾದ ಬುಟ್ಟಿಗೆ ತಳದಲ್ಲಿ ಒಲೆಬೂದಿ, ಹೇನು ಆಗದಿರಲಿ ಅಂತ. ಮೇಲೆ ಭತ್ತದ ಹುಲ್ಲು. ಮೊಟ್ಟೆ ಹನ್ನೊಂದೋ ಹದಿಮೂರೋ, ಬೆಸ ಸಂಖ್ಯೆಯೇ ಆಗಬೇಕು. ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ಮೂಲೆಯಲ್ಲಿ ಒಂದು ಕಬ್ಬಿಣದ ಚೂರು. ಕಬ್ಬಿಣ ಗುಡುಗನ್ನು ತಡೆಯುತ್ತದೆ ಅಂತ ನಾನು ನಂಬುವುದಿಲ್ಲ. ಆದರೆ ಕೂರಿಸುವಾಗ ಒಂದೂ ಮರೆಯಬಾರದು ಅನ್ನುವ ಎಚ್ಚರ ಆ ಚೂರಿನಲ್ಲಿದೆ. ಈಗಲೂ ಇಡುತ್ತೇನೆ.

ಆಮೇಲಿನದೆಲ್ಲ ಅವಳ ಕೆಲಸ. ದಿನಕ್ಕೊಮ್ಮೆ ಏಳುವಳು. ಗಬಗಬ ಕಾಳು ತಿಂದು, ನೀರು ಕುಡಿದು, ಒಂದೇ ಸಲ ದೊಡ್ಡದಾಗಿ ಹಿಕ್ಕೆ ಹಾಕಿ, ಬೂದಿಗುಂಡಿಯಲ್ಲಿ ಒಂದು ಸಲ ಹೊರಳಿ ಮತ್ತೆ ಬುಟ್ಟಿಗೆ. ಯಾರೂ ಕರೆಯಬೇಕಿಲ್ಲ. ಕೂತ ಮೇಲೆ ಕೊಕ್ಕಿನಿಂದ ಒಂದೊಂದೇ ಮೊಟ್ಟೆಯನ್ನು ತಿರುಗಿಸುವಳು, ಅಂಚಿನದ್ದನ್ನು ನಡುವಿಗೆ, ನಡುವಿನದ್ದನ್ನು ಅಂಚಿಗೆ. ತಿರುಗಿಸದಿದ್ದರೆ ಒಳಗಿನ ಮರಿ ಚಿಪ್ಪಿನ ಪೊರೆಗೆ ಅಂಟಿಕೊಳ್ಳುತ್ತದೆ. ದೊಡ್ಡ ಹ್ಯಾಚರಿಗಳಲ್ಲಿ ಈ ಕೆಲಸಕ್ಕೆ ಮೋಟಾರು ಇಟ್ಟಿರುತ್ತಾರೆ. ಅಲ್ಲಿ 37.5 ಡಿಗ್ರಿ ಅಂತ ಸೆಟ್ ಮಾಡುವ ಶಾಖವನ್ನು ಇವಳು ಹೊಟ್ಟೆಯಿಂದಲೇ ಕೊಡುತ್ತಾಳೆ. ಸೆಕೆ ಜಾಸ್ತಿಯಾದ ಮಧ್ಯಾಹ್ನ ಸ್ವಲ್ಪ ಎತ್ತರಿಸಿ ಕೂರುವುದನ್ನೂ ನೋಡಿದ್ದೇನೆ.

ನನಗೆ ಎಲ್ಲಕ್ಕಿಂತ ಆಶ್ಚರ್ಯ ತಂದದ್ದು ಇದು. ಕೋಳಿ ದಿನ ಬಿಟ್ಟು ದಿನ ಇಡುತ್ತಾ ಮೊಟ್ಟೆ ಕೂಡಿಸಲು ಎರಡು ಮೂರು ವಾರ ಬೇಕು. ಆದರೂ ಮರಿಗಳೆಲ್ಲ ಹೆಚ್ಚುಕಮ್ಮಿ ಒಂದೇ ದಿನ ಏಳುತ್ತವೆ. ಕಾವು ಸಿಗುವವರೆಗೆ ಮೊಟ್ಟೆಯೊಳಗಿನ ಜೀವ ಬೆಳೆಯದೆ ಕಾಯುತ್ತದೆ. ಕೋಳಿ ಕೂತ ದಿನವೇ ಎಲ್ಲಕ್ಕೂ ಒಂದನೇ ದಿನ. ಇನ್ನೊಂದು ಏರ್ಪಾಡೂ ಇದೆ. ಮರಿ ಹೊರಬರುವ ಮೊದಲು ಉಳಿದ ಹಳದಿ ಭಂಡಾರವನ್ನು ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಅದರ ಬಲದ ಮೇಲೆ ಎರಡು ದಿನ ಏನೂ ತಿನ್ನದೆ ಇರಬಲ್ಲದು. ಮೊದಲು ಎದ್ದ ಮರಿ ಹಸಿವಿಗೆ ಸಾಯುವುದಿಲ್ಲ, ಕೊನೆಯದು ಏಳುವವರೆಗೆ ತಾಯಿ ಕೂತೇ ಇರಬಹುದು.

ಹತ್ತೊಂಬತ್ತು, ಇಪ್ಪತ್ತನೇ ದಿನ ಹೊತ್ತಿಗೆ ಮೊಟ್ಟೆಯೊಳಗಿಂದ ಚಿಂವ್ ಚಿಂವ್ ಕೇಳುತ್ತದೆ. ಕೆಂಚಿ ಅದಕ್ಕೆ ಉತ್ತರ ಕೊಡುತ್ತಿದ್ದಳು. ಬೇರೆ ಯಾವಾಗಲೂ ಆಡದ, ಬಹಳ ಸಣ್ಣ, ಬಹಳ ಮೆತ್ತಗಿನ ದನಿ. ನನ್ನ ಮಗಳು ಬುಟ್ಟಿಗೆ ಕಿವಿಯಿಟ್ಟು ಕೂತುಬಿಡುತ್ತಿದ್ದಳು. ಉಳಿದವರಾರಾದರೂ ಹತ್ತಿರ ಹೋದರೆ ಕುಕ್ಕುವ ಕೆಂಚಿ ಅವಳನ್ನು ಏನೂ ಮಾಡುತ್ತಿರಲಿಲ್ಲ.

ಒಂದು ಸಲ ಪಕ್ಕದ ಮನೆಯ ಅಕ್ಕ ಬಾತುಕೋಳಿ ಮೊಟ್ಟೆ ತಂದುಕೊಟ್ಟರು. ಅವರ ಬಾತು ಕೂರುತ್ತಿರಲಿಲ್ಲ. ಬಾತಿನ ಮೊಟ್ಟೆಗೆ 28 ದಿನ ಬೇಕು. 21 ದಿನ ಕಳೆದ ಮೇಲೆ ಕೋಳಿ ಎದ್ದುಬಿಟ್ಟರೆ ಅಂತ ನಮಗೆಲ್ಲ ಭಯ. ಕೆಂಚಿ ಏಳಲಿಲ್ಲ. ಒಳಗಿಂದ ಸದ್ದು ಬರುವವರೆಗೆ ಕೂತಳು. ಎದ್ದಾಗ ಎದೆಯ ಮೂಳೆ ಕೈಗೆ ಸಿಗುವಷ್ಟು ಸೊರಗಿದ್ದಳು. ಅತ್ತೆ ಅವಳಿಗೆ ರಾಗಿ ಮುದ್ದೆಯ ಚೂರು, ನುಚ್ಚು, ಬೇಯಿಸಿದ ಮೊಟ್ಟೆ ಅಂತ ಬಾಣಂತಿಗೆ ಕೊಡುವ ಹಾಗೆ ಕೊಟ್ಟರು. ಮೊಟ್ಟೆ ಕೊಟ್ಟ ಅಕ್ಕ ಮರಿ ಲೆಕ್ಕ ಮಾಡುವ ಮೊದಲು ಅವಳ ತಲೆ ಸವರಿದರು.

ಮರಿ ಎದ್ದ ಮೇಲಿನ ಕೆಂಚಿಯನ್ನು ನೋಡಬೇಕಿತ್ತು. ಸಿಲ್ವರ್ ಓಕ್ ಮತ್ತು ಹಾಲುವಾಣದ ತರಗೆಲೆ ತುಂಬಿದ ಕಾಫಿ ಗಿಡದ ಬುಡ ಅವಳ ಪಾಠಶಾಲೆ. ಕೆದರುವಳು, ಹುಳ ಸಿಕ್ಕರೆ ತಾನು ತಿನ್ನದೆ ಎತ್ತಿ ಎತ್ತಿ ಹಾಕಿ ಕರೆಯುವಳು. ಮಾವ ಮಡಕೆಗೆ ಸಗಣಿ, ಒದ್ದೆ ಹುಲ್ಲು ತುಂಬಿ ತೋಟದಲ್ಲಿ ಬೋರಲು ಹಾಕಿಟ್ಟು ಗೆದ್ದಲು ಹಿಡಿಸಿ ತರುತ್ತಿದ್ದರು. ಮರಿಗಳಿಗೆ ಅದಕ್ಕಿಂತ ಒಳ್ಳೆಯ ತಿಂಡಿ ಇಲ್ಲ. ಮೇಲೆ ಹದ್ದು ಕಂಡರೆ ಅವಳು ಕೂಗುವ ರೀತಿ ಒಂದು, ನೆಲದ ಮೇಲೆ ಮುಂಗುಸಿಯೋ ಬೆಕ್ಕೋ ಕಂಡರೆ ಇನ್ನೊಂದು. ಮೊದಲನೆಯದಕ್ಕೆ ಮರಿಗಳು ಎಲ್ಲಿದ್ದವೋ ಅಲ್ಲೇ ಗಿಡದಡಿ ನುಗ್ಗಿ ಅಡಗುತ್ತಿದ್ದವು. ಎರಡನೆಯದಕ್ಕೆ ಕತ್ತು ಎತ್ತಿ ನೋಡುತ್ತಿದ್ದವು. ಕೋಳಿಗಳು ಈ ಎರಡು ಅಪಾಯಕ್ಕೆ ಬೇರೆ ಬೇರೆ ಕೂಗು ಹಾಕುತ್ತವೆ ಅಂತ ಸಂಶೋಧಕರೂ ಪರೀಕ್ಷಿಸಿ ಹೇಳಿದ್ದಾರೆ. ನಮ್ಮ ಮನೆಯಲ್ಲಿ ಒಲೆ ಮುಂದೆ ಕೂತಿದ್ದ ಅತ್ತೆಗೂ ಅದು ತಿಳಿಯುತ್ತಿತ್ತು. ಹೊರಗೆ ನೋಡದೆಯೇ "ಹದ್ದು ಬಂತು, ಓಡು ಮಗ" ಅನ್ನುತ್ತಿದ್ದರು. ಒಂದು ಮಧ್ಯಾಹ್ನ ಕಣದಲ್ಲಿ ಇಳಿದ ಹದ್ದಿನ ಮೇಲೆ ಕೆಂಚಿ ಹಾರಿ ಎರಗಿದ್ದನ್ನು ಕಾಫಿ ಹರಡುತ್ತಿದ್ದ ಹೆಂಗಸರೆಲ್ಲ ನೋಡಿದರು. ಹದ್ದು ಬರಿಗಾಲಲ್ಲಿ ಹೋಯಿತು. ಕೆಂಚಿಯ ಬೆನ್ನಿನ ಗರಿ ಒಂದು ಹಿಡಿ ಕಿತ್ತು ಬಂದಿತ್ತು, ಅರಿಶಿನ ಹಚ್ಚಿದೆವು.

ಇನ್ನೊಂದು ವರ್ಷ ಮಳೆಗಾಲ ಮುಗಿದ ಮೇಲೆ ಕೆಂಚಿ ಕಾಣೆಯಾದಳು. ಕಾಡುಬೆಕ್ಕು ಹಿಡಿಯಿತು ಅಂದರು. ನಮ್ಮದು ಆನೆ ಓಡಾಡುವ ಊರು, ಸಂಜೆ ಮೇಲೆ ತೋಟದೊಳಗೆ ಹುಡುಕಲು ಹೋಗುವ ಹಾಗಿಲ್ಲ. ಹಗಲಲ್ಲಿ ನಾನು, ಮಗಳು ಗಿಡಗಿಡ ಬಗ್ಗಿ ನೋಡಿದೆವು. ಒಂದು ಗರಿಯೂ ಸಿಗಲಿಲ್ಲ. ಮಗಳು ಊಟ ಬಿಟ್ಟಳು. ಅತ್ತೆ ಮಾತ್ರ ಗೂಡಿನ ಬಾಗಿಲು ಹಾಕುವಾಗ ಪ್ರತಿ ಸಂಜೆ ತೋಟದ ಕಡೆ ತಿರುಗಿ ಬಾ ಬಾ ಬಾ ಅಂತ ಕೂಗುವುದನ್ನು ನಿಲ್ಲಿಸಲಿಲ್ಲ. ಒಂದು ಬೆಳಗ್ಗೆ ಹಲಸಿನ ಮರದ ಕಡೆಯಿಂದ ಲೊಕ್ ಲೊಕ್ ಅಂತ ಬಂದಳು, ಹಿಂದೆ ಎಂಟು ಮರಿ. ಬೇರಿನ ಪೊಟರೆಯಲ್ಲಿ ಕದ್ದು ಗೂಡು ಮಾಡಿದ್ದಳು. ಬುಟ್ಟಿ ಇಲ್ಲ, ಬೂದಿ ಇಲ್ಲ, ಕಬ್ಬಿಣ ಇಲ್ಲ. ಕೇರೆಹಾವು, ಮುಂಗುಸಿ, ಕಾಡುಹಂದಿ ತಿರುಗುವ ಜಾಗದಲ್ಲಿ ಮೂರು ವಾರ ಸದ್ದಿಲ್ಲದೆ ಕೂತು ಗೆದ್ದು ಬಂದಿದ್ದಳು. ಅತ್ತೆ ಮೊರದಲ್ಲಿ ನುಚ್ಚು ತಂದು ಸುರಿದರು. ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ.

ಅವಳ ಮರಿಗಳು ದೊಡ್ಡವಾಗಿ ನಮ್ಮ ಅಡುಗೆಮನೆಗೂ ಬಂದಿವೆ. ಇದನ್ನು ಮುಚ್ಚಿಡಬೇಕಾಗಿಲ್ಲ. ಹಬ್ಬಕ್ಕೆ ಕಡುಬು, ನಾಟಿ ಕೋಳಿ ಸಾರು ಮಾಡುವ ಮನೆ ನಮ್ಮದು. ಹುಂಜಗಳು ಜಾಸ್ತಿಯಾದರೆ ಕಚ್ಚಾಡಿಕೊಳ್ಳುತ್ತವೆ, ಎಲ್ಲವನ್ನೂ ಇಟ್ಟುಕೊಳ್ಳಲು ಆಗುವುದಿಲ್ಲ. ಕೆಂಚಿಯನ್ನು ಮಾತ್ರ ಯಾರೂ ಆ ಕಣ್ಣಿನಿಂದ ನೋಡಲಿಲ್ಲ. ಒಮ್ಮೆ ದೀಪಾವಳಿಗೆ ಬಂದ ನೆಂಟರೊಬ್ಬರು, ಅವಳು ಮೊಟ್ಟೆ ನಿಲ್ಲಿಸಿದ್ದಾಳೆ ಅಂತ ತಿಳಿದು, "ಇನ್ಯಾಕೆ ಇಟ್ಕೊಂಡಿದ್ದೀಯಕ್ಕ?" ಅಂತ ಕೇಳಿದರು. ಅತ್ತೆ, "ಈ ಮನೇಲಿ ಇರೋ ಕೋಳಿಯೆಲ್ಲ ಅದು ಎಬ್ಬಿಸಿದ್ದೇ ಕಣಪ್ಪ. ಅದರ ಸುದ್ದಿ ಬೇಡ" ಅಂದರು. ಆಮೇಲೆ ಯಾರೂ ಎತ್ತಲಿಲ್ಲ.

ಒಂದು ಬೇಸಿಗೆಯಲ್ಲಿ ಊರಿಗೆ ಕೊಕ್ಕರೆ ರೋಗ ಬಂತು. ರಾಣಿಖೇತ್ ಅಂತಲೂ ಕರೆಯುತ್ತಾರೆ, ಉತ್ತರಾಖಂಡದ ಆ ಊರಲ್ಲಿ 1920ರ ದಶಕದಲ್ಲಿ ಗುರುತಿಸಿದ್ದರಿಂದ. ಹಸಿರು ಹಿಕ್ಕೆ, ಬಾಯಿ ತೆರೆದು ಉಸಿರು, ತಿರುಚಿದ ಕತ್ತು. ಬಂದ ಮೇಲೆ ಔಷಧಿ ಇಲ್ಲ. ಬರುವ ಮೊದಲು ಲಸಿಕೆ ಇದೆ, ಆದರೆ ಒಂದು ಸೀಸೆಯಲ್ಲಿ ನೂರಾರು ಕೋಳಿಗೆ ಆಗುವಷ್ಟು ಇರುತ್ತದೆ. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಹಾಕಿ ಮುಗಿಸಬೇಕು, ಅಲ್ಲಿಯವರೆಗೆ ಐಸಿನಲ್ಲೇ ಇಡಬೇಕು. ಹತ್ತು ಕೋಳಿ ಸಾಕುವ ಮನೆಯವರು ಒಬ್ಬರೇ ತರಿಸಿ ಏನು ಮಾಡುತ್ತಾರೆ? ಅದಕ್ಕೇ ಆ ವರ್ಷ ಚಳಿ ಮುಗಿಯುತ್ತಿದ್ದಂತೆ ನಮ್ಮ ಕೇರಿಯ ಹೆಂಗಸರು ಮನೆಮನೆಯಿಂದ ಕೋಳಿ ಲೆಕ್ಕ ಹಾಕಿ, ದುಡ್ಡು ಕೂಡಿಸಿ, ಆಲೂರಿನಿಂದ ಫ್ಲಾಸ್ಕಿನಲ್ಲಿ ಸೀಸೆ ತರಿಸಿದ್ದೆವು. ಮರಿಗಳಿಗೆ ಕಣ್ಣಿಗೊಂದು ಹನಿ, ದೊಡ್ಡವಕ್ಕೆ ಸೂಜಿ. ಕೋಳಿಗಳು ಗೂಡು ಸೇರಿದ ಮೇಲೆ ಟಾರ್ಚ್ ಹಿಡಿದು ಮನೆಯಿಂದ ಮನೆಗೆ ಹೋದೆವು. ಕೆಂಚಿ ಮತ್ತು ಅವಳ ಸಂಸಾರ ಉಳಿಯಿತು. ನೀವು ನಾಟಿ ಕೋಳಿ ಸಾಕುವವರಾದರೆ ದಯವಿಟ್ಟು ಇದನ್ನು ಮಾಡಿ. ಪಕ್ಕದ ಮನೆಯವರನ್ನೂ ಸೇರಿಸಿಕೊಳ್ಳಿ. ಪಶು ಆಸ್ಪತ್ರೆಯಲ್ಲಿ ಕೇಳಿದರೆ ಯಾವ ವಯಸ್ಸಿಗೆ ಯಾವುದು ಅಂತ ಹೇಳುತ್ತಾರೆ.

ನನ್ನ ಕಳವಳ ಇರುವುದು ಬೇರೆ ಕಡೆ. ಫಾರಂಗಳಲ್ಲಿರುವ ಮೊಟ್ಟೆ ಕೋಳಿ ವರ್ಷಕ್ಕೆ 300ಕ್ಕೂ ಜಾಸ್ತಿ ಮೊಟ್ಟೆ ಇಡುತ್ತದೆ. ನಾಟಿ ಕೋಳಿ ಅದರ ಕಾಲು ಭಾಗ ಇಟ್ಟರೆ ದೊಡ್ಡದು. ವ್ಯತ್ಯಾಸಕ್ಕೆ ಒಂದು ದೊಡ್ಡ ಕಾರಣ ಈ ಕಾವೇ. ಕೂತಿರುವಾಗ, ಮರಿ ಆಡಿಸುವಾಗ ಕೋಳಿ ಮೊಟ್ಟೆ ಇಡುವುದಿಲ್ಲ. ಹಾಗಾಗಿ ತಲೆಮಾರಿನಿಂದ ತಲೆಮಾರಿಗೆ ಕೂರದ ಕೋಳಿಗಳನ್ನೇ ಆರಿಸಿ ಆರಿಸಿ ಬೆಳೆಸಿದರು. ಇವತ್ತಿನ ಲೇಯರ್ ಕೋಳಿ ತನ್ನ ಮೊಟ್ಟೆಯ ಮೇಲೆ ಕೂರುವುದೇ ಇಲ್ಲ ಅನ್ನಬಹುದು. ಶಾಲೆಯಲ್ಲಿ ಮಕ್ಕಳ ತಟ್ಟೆಗೆ ಬೀಳುವ ಮೊಟ್ಟೆ ಆ ಕೋಳಿಯದು, ಅದು ಬೇಕೇ ಬೇಕು. ನಾಟಿ ಕೋಳಿ ನಂಬಿಕೊಂಡು ಅಷ್ಟು ಮಕ್ಕಳಿಗೆ ಮೊಟ್ಟೆ ಕೊಡಲು ಆಗುವುದಿಲ್ಲ. ಆದರೆ ಹಿತ್ತಿಲಿನ ಕೋಳಿಯಲ್ಲೂ ಕಾವು ಹೋಗುತ್ತಿರುವುದು ನನಗೆ ನೋವು. ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ಗಿರಿರಾಜ ಒಳ್ಳೆಯ ಕೋಳಿ. ತೂಕ ಬರುತ್ತದೆ, ಮೊಟ್ಟೆಯೂ ಜಾಸ್ತಿ. ನಮ್ಮೂರಿನ ಬಹಳ ಮನೆಗಳಲ್ಲಿ ಇದೆ. ಅದರ ಹುಂಜ ನಾಟಿ ಹ್ಯಾಟೆಗಳ ಜೊತೆ ಸೇರಿ ಹುಟ್ಟಿದ ಮರಿಗಳಲ್ಲಿ ಕೆಲವು ಕೂರುತ್ತವೆ, ಕೆಲವು ಕೂರುವುದಿಲ್ಲ. ಕೂರದಿದ್ದರೆ ಪ್ರತಿ ಸಲ ಮರಿಯನ್ನು ದುಡ್ಡು ಕೊಟ್ಟು ತರಬೇಕು. ಒಂದು ಹ್ಯಾಟೆ ಇದ್ದರೆ ಯಾರ ಹಂಗೂ ಇಲ್ಲದೆ ಒಬ್ಬ ಹೆಂಗಸು ಕೋಳಿ ಸಂಸಾರ ಕಟ್ಟಬಹುದಿತ್ತು. ಅತ್ತೆ ಕಟ್ಟಿದ್ದು ಹಾಗೆಯೇ.

ಕೆಂಚಿ ಹೋದದ್ದು ಪುನರ್ವಸು ಮಳೆಯಲ್ಲಿ. ಬಹಳ ವಯಸ್ಸಾಗಿತ್ತು, ಎರಡು ದಿನ ಕಾಳು ಮುಟ್ಟಲಿಲ್ಲ. ಅದಕ್ಕೂ ಹಿಂದಿನ ವರ್ಷ, ತನ್ನದೊಂದೂ ಮೊಟ್ಟೆ ಇಲ್ಲದೆ, ಬೇರೆ ಕೋಳಿಗಳ ಮೊಟ್ಟೆಗೆ ಕೂತು ಒಂಬತ್ತು ಮರಿ ಎಬ್ಬಿಸಿದ್ದಳು. ಹಲಸಿನ ಮರದ ಹತ್ತಿರ ಮಾವ ಗುಂಡಿ ತೋಡಿದರು. ಮಗಳು ಹಾಸ್ಟೆಲಿನಿಂದ ಫೋನಿನಲ್ಲಿ ಅತ್ತಳು.

ಅವಳ ಸಂತಾನ ಈಗ ನಮ್ಮ ಕೇರಿಯ ಆರೇಳು ಮನೆಗಳಲ್ಲಿದೆ. ಕಾಲು ನೋಡಿದರೆ ಗೊತ್ತಾಗುತ್ತದೆ. ನನ್ನ ಗಂಡ ಇನ್‌ಕ್ಯುಬೇಟರ್ ತರೋಣ, ಆನ್‌ಲೈನಿನಲ್ಲಿ ಸಿಗುತ್ತದೆ ಅಂತ ಹೇಳುತ್ತಿರುತ್ತಾರೆ. ತಂದರೆ ಬೇಡ ಅನ್ನುವುದಿಲ್ಲ. ಆದರೆ ಮಳೆಗಾಲದಲ್ಲಿ ನಮ್ಮೂರಿನ ಕರೆಂಟು ಎಷ್ಟು ಹೊತ್ತು ಇರುತ್ತದೆ ಅಂತ ಅವರಿಗೂ ಗೊತ್ತು. ಕಾವಿಗೆ ಇಡಲು ಕೂರುವ ಹ್ಯಾಟೆಯ ಮೊಟ್ಟೆಯನ್ನೇ ಆರಿಸಬೇಕು, ಬೇರೆಯವನ್ನು ತಿನ್ನಲು ತೆಗೆಯಬೇಕು ಅಂತ ಅತ್ತೆ ಒಂದು ಕಟ್ಟು ಮಾಡಿದ್ದಾರೆ. ನಾನು ಅದನ್ನು ತಪ್ಪದೆ ಪಾಲಿಸುತ್ತಿದ್ದೇನೆ.

ಈ ವಾರ ಕೆಂಚಿಯ ಮೊಮ್ಮಗಳೊಂದು ಕಾವಿಗೆ ಬಂದಿದೆ. ಮೈ ಬಣ್ಣ ಕಪ್ಪು, ಕಾಲು ಮಾತ್ರ ಅದೇ ಹಳದಿ. ಒಂದು ಮೊಟ್ಟೆ ಬಿಟ್ಟು ನೋಡಿದ್ದಾಯಿತು, ಕದಲುತ್ತಿಲ್ಲ. ಆರು ಮೊಟ್ಟೆ ನಮ್ಮದು, ರಾಗಿ ಡಬ್ಬದಲ್ಲಿ ಇಟ್ಟಿದ್ದೇನೆ. ಏಳು ಪಕ್ಕದ ಮನೆಯ ಅಕ್ಕನದು, ಪಾಲಿಗೆ. ಭಾನುವಾರ ಸಂಜೆ ಕೂರಿಸುತ್ತೇವೆ. ಎದ್ದ ಮರಿಗಳಲ್ಲಿ ಅರ್ಧ ಅವರಿಗೆ, ಅರ್ಧ ನಮಗೆ.